ಸೆಕೆಂಡಿಗೆ ಎಷ್ಟು ಚಿತ್ರ ಇದ್ದರೆ ಸಾಕು?

ಮನೆಯಲ್ಲಿ ಪಿಯುಸಿ ಓದೋ ಹುಡುಗ ಇದ್ದರೆ ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. 'ಅಪ್ಪಾ, ನಮ್ ಸಿಸ್ಟಮ್‌ನಲ್ಲಿ ಎಫ್‌ಪಿಎಸ್ಸೇ ಬರ್ತಿಲ್ಲ.' ಅಪ್ಪನಿಗೆ ಇದರಲ್ಲಿ ಅರ್ಥವಾಗೋದು ಒಂದೇ ಒಂದು ಸಂಗತಿ. ಇದಕ್ಕೆ ದುಡ್ಡು ಖರ್ಚಾಗುತ್ತೆ ಅಂತ.

ಪಾವಗಡ ತಾಲೂಕಿನ ತಿರುಮಣಿ ಕಡೆಯ ಒಬ್ಬ ವೀಕ್ಷಕರು ನನಗೆ ಕೇಳಿದ ಪ್ರಶ್ನೆ ಇದೇ. ಮಗನಿಗೆ ಕಂಪ್ಯೂಟರ್ ಬೇಕು. ಓದೋಕೂ ಬೇಕು, ಆಡೋಕೂ ಬೇಕು. ಅಂಗಡಿಯವರು 'ತಗೊಂಡ್ರೆ 144 ಹರ್ಟ್ಜ್‌ದೇ ತಗೊಳ್ಳಿ, ಅದಕ್ಕಿಂತ ಕಮ್ಮಿ ಇದ್ರೆ ಗೇಮೇ ಅಲ್ಲ' ಅಂದಿದ್ದಾರಂತೆ. ಲೆಕ್ಕ ಎಂಬತ್ತು ಸಾವಿರ ದಾಟಿದೆ. 'ಸೋಲಾರ್ ಬಾಡಿಗೆ ಬಂದಿದೆ ಸಾರ್, ಇಲ್ಲ ಅನ್ನೋಕೆ ಬಾಯಿ ಬರ್ತಿಲ್ಲ. ಆದ್ರೆ ಎಷ್ಟಿದ್ರೆ ಸಾಕು ಅಂತ ಯಾರೂ ಹೇಳ್ತಿಲ್ಲ.'

ಒಳ್ಳೆಯ ಪ್ರಶ್ನೆ. ಎಷ್ಟಿದ್ದರೆ ಚೆನ್ನ ಅಂತ ಹೇಳೋಕೆ ಅಂಗಡಿ ತುಂಬ ಜನ ಇರ್ತಾರೆ. ಎಷ್ಟಿದ್ದರೆ ಸಾಕು ಅಂತ ಹೇಳೋರು ಸಿಗೋದು ಕಷ್ಟ.

ಮೊದಲು ಈ ದುಡ್ಡಿನ ತೂಕ ನೋಡೋಣ. ಪಾವಗಡ ಅಂದರೆ ಮೂರು ಕಡೆ ಆಂಧ್ರ, ಒಂದು ಕಡೆ ಕರ್ನಾಟಕ. ಮಳೆ ಕಮ್ಮಿ, ಕುಡಿಯೋ ನೀರಲ್ಲಿ ಫ್ಲೋರೈಡ್. ಶೇಂಗಾ ಹಾಕಿ ಆಕಾಶ ನೋಡೋ ಊರು. ಅಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಅನ್ನೋ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿತು. 2018ರ ಮಾರ್ಚ್ 1ರಂದು ಉದ್ಘಾಟನೆ ಆಯ್ತು. 'ಶಕ್ತಿ ಸ್ಥಳ' ಅಂತ ಹೆಸರು, 2,050 ಮೆಗಾವ್ಯಾಟ್ ಸಾಮರ್ಥ್ಯ. ವಿಶೇಷ ಏನಂದ್ರೆ ಸರ್ಕಾರ ಈ ಜಮೀನನ್ನ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡಿತು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಜಮೀನು ಇದ್ದವರಿಗೆ ಇದು ಸಿಕ್ಕಿತು. ಅದೇ ಹೊಲದಲ್ಲಿ ಕೂಲಿ ಮಾಡ್ತಿದ್ದವರಿಗೆ ಈ ಬಾಡಿಗೆ ಇಲ್ಲ. ಅದು ಬೇರೆಯದೇ ಚರ್ಚೆ, ಇನ್ನೊಂದು ದಿನ ಮಾಡೋಣ.

ಈಗ ಲೆಕ್ಕ ಹಾಕಿ. ಶುರುವಿನ ದರದಲ್ಲಿ 84,000 ರೂಪಾಯಿ ಅಂದರೆ ನಾಲ್ಕು ಎಕರೆಯ ಒಂದು ವರ್ಷದ ಬಾಡಿಗೆ. ಹಿಂದೆ ನಾಲ್ಕು ಎಕರೆ ಶೇಂಗಾ ಬೆಳೆದು ಮನೆ ನಡೆಸ್ತಿದ್ದ ಸಂಸಾರದ ವರ್ಷದ ಆದಾಯವನ್ನ ಒಂದು ಪರದೆ, ಒಂದು ಡಬ್ಬಕ್ಕೆ ಹಾಕಬೇಕು. ಹಾಗಾಗಿ 'ಮಕ್ಕಳ ಆಟ ಬಿಡಿ' ಅಂತ ನಾನು ಈ ಪ್ರಶ್ನೆಯನ್ನ ತಳ್ಳಿಹಾಕೋದಿಲ್ಲ. ಸರಿಯಾದ ಉತ್ತರ ಹುಡುಕೋಣ.

ಎಫ್‌ಪಿಎಸ್ ಅಂದರೆ ಫ್ರೇಮ್ಸ್ ಪರ್ ಸೆಕೆಂಡ್. ಒಂದು ಸೆಕೆಂಡಿನಲ್ಲಿ ಕಂಪ್ಯೂಟರ್ ಎಷ್ಟು ಚಿತ್ರ ಬಿಡಿಸಿ ತೋರಿಸುತ್ತೆ ಅನ್ನೋ ಲೆಕ್ಕ, ಅಷ್ಟೇ. ಪರದೆಯ ಮೇಲೆ ಓಡೋ ಮನುಷ್ಯ ನಿಜವಾಗಿ ಓಡ್ತಿಲ್ಲ. ನಿಂತ ಚಿತ್ರಗಳು ಒಂದರ ಹಿಂದೊಂದು ಬರ್ತಿವೆ, ಓಡಿಸ್ತಿರೋದು ನಮ್ಮ ಮಿದುಳು. ಪಠ್ಯಪುಸ್ತಕದ ಮೂಲೆಯಲ್ಲಿ ಗೊಂಬೆ ಬರೆದು ಪುಟ ಸರಸರ ಬಿಟ್ಟು ಆಡಿದವರಿಗೆಲ್ಲ ಇದು ಗೊತ್ತಿರೋ ವಿದ್ಯೆ.

ಸಿನಿಮಾಕ್ಕೆ ಈ ಸಂಖ್ಯೆ 24. ಮೂಕಿ ಚಿತ್ರಗಳ ಕಾಲದಲ್ಲಿ ಕೈಯಲ್ಲಿ ಹಿಡಿಕೆ ತಿರುಗಿಸಿ ಚಿತ್ರೀಕರಣ ಮಾಡ್ತಿದ್ದರು, ವೇಗ ಒಂದೇ ಸಮ ಇರ್ತಿರಲಿಲ್ಲ. ಮಾತು ಬಂದ ಮೇಲೆ ಆ ಆಟ ನಡೆಯಲಿಲ್ಲ. ರೀಲಿನ ಅಂಚಿನಲ್ಲೇ ಧ್ವನಿ ಕೂತ ಮೇಲೆ ವೇಗ ಹೆಚ್ಚುಕಮ್ಮಿ ಆದರೆ ಹೀರೋ ದನಿ ಕೀರಲಾಗುತ್ತೆ. ಹಾಗಾಗಿ 1920ರ ದಶಕದ ಕೊನೆಗೆ 24 ಅಂತ ಗಟ್ಟಿಯಾಯ್ತು. 1934ರಲ್ಲಿ ಬಂದ ನಮ್ಮ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ'ದ ಹೊತ್ತಿಗೆ ಈ ಲೆಕ್ಕ ನಿಂತುಬಿಟ್ಟಿತ್ತು. ಇದು ಕಣ್ಣಿನ ಮಿತಿ ಅಳೆದು ಇಟ್ಟ ಸಂಖ್ಯೆ ಅಲ್ಲ. ಧ್ವನಿ ಸರಿಯಾಗಿ ಬರಬೇಕು, ರೀಲಿನ ಖರ್ಚೂ ಮಿತಿಯಲ್ಲಿರಬೇಕು ಅಂತ ಮಾಡಿಕೊಂಡ ರಾಜಿ. ಚಿತ್ರಮಂದಿರದಲ್ಲಿ ಪರದೆ ಮಿನುಗದೇ ಇರಲಿ ಅಂತ ಪ್ರೊಜೆಕ್ಟರ್ ಒಂದೊಂದು ಚಿತ್ರವನ್ನ ಎರಡೆರಡು ಸಲ ಮಿಂಚಿಸ್ತಿತ್ತು.

ಟಿವಿಗೆ ಈ ಸಂಖ್ಯೆ 25. ಯಾಕೆ 25? ಇಲ್ಲಿ ಪಾವಗಡದ ಜನ ಸ್ವಲ್ಪ ಗಮನ ಕೊಡಿ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಅಲೆಯಾಡುತ್ತೆ, ಅದೇ 50 ಹರ್ಟ್ಜ್. ಹಳೇ ಟಿವಿಗಳಲ್ಲಿ ಚಿತ್ರದ ಲಯ ಕರೆಂಟಿನ ಲಯಕ್ಕೆ ಹೊಂದದಿದ್ದರೆ ಪರದೆ ಮೇಲೆ ಪಟ್ಟಿಗಳು ತೆವಳುತ್ತಿದ್ದವು. ಅದಕ್ಕೇ 50 ಹರ್ಟ್ಜ್ ಕರೆಂಟಿನ ದೇಶಗಳು ಅದರ ಅರ್ಧ 25 ಚಿತ್ರ ಇಟ್ಟುಕೊಂಡವು. ಅಮೆರಿಕದಲ್ಲಿ ಕರೆಂಟು 60 ಹರ್ಟ್ಜ್, ಅಲ್ಲಿನ ಟಿವಿ ಸುಮಾರು 30. ತಿರುಮಣಿಯ ಸೋಲಾರ್ ಫಲಕ ಹುಟ್ಟಿಸೋದು ಅಲೆಯೇ ಇಲ್ಲದ ನೇರ ವಿದ್ಯುತ್. ಅದನ್ನ ಇನ್ವರ್ಟರ್ ಸೆಕೆಂಡಿಗೆ 50 ಅಲೆ ಆಗೋ ಹಾಗೆ ಮಾರ್ಪಡಿಸಿ ಗ್ರಿಡ್‌ಗೆ ಬಿಡುತ್ತೆ. ನಾನು ನಿಮ್ಮ ಮನೆಯ ಟಿವಿಯಲ್ಲಿ ಸೆಕೆಂಡಿಗೆ 25 ಚಿತ್ರವಾಗಿ ಬರೋದಕ್ಕೂ ಅದೇ 50 ಮೂಲ.

ಆದರೆ ಟಿವಿಯವರು ಒಂದು ಜಾಣತನ ಮಾಡಿದ್ದರು. 25 ಚಿತ್ರವನ್ನ 50 ಅರ್ಧ ಚಿತ್ರ ಮಾಡಿ ಕಳಿಸೋದು. ಒಮ್ಮೆ ಬೆಸ ಸಾಲು, ಇನ್ನೊಮ್ಮೆ ಸಮ ಸಾಲು. ಇದರ ಫಲ ನೀವು ದಿನಾ ನೋಡ್ತೀರಿ. ನಮ್ಮ ಚಾನೆಲ್ ಕೆಳಗೆ ಸುದ್ದಿ ಪಟ್ಟಿ ಓಡುತ್ತಲ್ಲ, ಅದನ್ನ ಟಿವಿಯಲ್ಲಿ ನೋಡಿ. ನೀರು ಹರಿದಂತೆ ಹೋಗುತ್ತೆ. ಅದೇ ಕಾರ್ಯಕ್ರಮವನ್ನ ಮೊಬೈಲಲ್ಲಿ 25 ಚಿತ್ರದ ವಿಡಿಯೋ ಆಗಿ ನೋಡಿ. ಅಕ್ಷರಗಳು ಕುಂಟಿಕೊಂಡು ಹೋಗ್ತವೆ. ಎಫ್‌ಪಿಎಸ್ ವ್ಯತ್ಯಾಸ ಕಣ್ಣಿಗೆ ಕಾಣುತ್ತಾ ಅಂತ ಅನುಮಾನ ಇರೋರು ಇದೊಂದನ್ನ ನೋಡಿದರೆ ಸಾಕು. ಕಾಣುತ್ತೆ. ಹುಡುಗ ಸುಳ್ಳು ಹೇಳ್ತಿಲ್ಲ.

ಹಾಗಾದ್ರೆ ಸಿನಿಮಾ 24ರಲ್ಲಿ ಚೆನ್ನಾಗಿರುತ್ತಲ್ಲ, ಆಟಕ್ಕೆ ಯಾಕೆ ಸಾಲದು? ಎರಡು ಕಾರಣ.

ಒಂದು, ಮಸುಕು. ಕ್ಯಾಮೆರಾ ಒಂದು ಚಿತ್ರ ಹಿಡಿಯೋವಾಗ ಅದರ ಕಣ್ಣು ಸೆಕೆಂಡಿನ ಸುಮಾರು ನಲವತ್ತೆಂಟನೇ ಒಂದು ಭಾಗದಷ್ಟು ಹೊತ್ತು ತೆರೆದಿರುತ್ತೆ. ಅಷ್ಟರಲ್ಲಿ ಕೈ ಬೀಸಿದರೆ ಕೈ ಮಸುಕಾಗಿ ಮೂಡುತ್ತೆ. ಆ ಮಸುಕೇ ಒಂದು ಚಿತ್ರವನ್ನ ಮುಂದಿನದಕ್ಕೆ ಅಂಟಿಸೋ ಗೋಂದು. ಕಂಪ್ಯೂಟರ್ ಬಿಡಿಸೋ ಚಿತ್ರದಲ್ಲಿ ಆ ಗೋಂದು ತಾನಾಗಿ ಬರೋದಿಲ್ಲ, ಪ್ರತಿಯೊಂದೂ ಚೂಪು. ಹಾಗಾಗಿ ಕಮ್ಮಿ ಚಿತ್ರ ಇದ್ದರೆ ಜಿಗಿತ ಎದ್ದು ಕಾಣುತ್ತೆ. ಹಳೇ ಸಿನಿಮಾಗಳಲ್ಲಿ ಜಟಕಾ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದ ಹಾಗೆ ಕಾಣ್ತಿತ್ತು, ನೆನಪಿದೆಯಾ? ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗೋದರೊಳಗೆ ಒಂದು ಕಡ್ಡಿ ಮುಂದಿನ ಕಡ್ಡಿಯ ಜಾಗಕ್ಕೆ ಹತ್ತತ್ತಿರ ಬಂದಿರುತ್ತೆ. ಮಿದುಳು ಅದನ್ನ ಹಿಂದೆ ಸರಿದ ಕಡ್ಡಿ ಅಂತ ಓದುತ್ತೆ. ನಡುವಿನ ಸಾಕ್ಷಿ ಸಾಲದಿದ್ದರೆ ಕಣ್ಣು ತಪ್ಪು ತೀರ್ಪು ಕೊಡುತ್ತೆ ಅನ್ನೋದಕ್ಕೆ ಇದು ಉದಾಹರಣೆ.

ಎರಡನೇ ಕಾರಣ ಇನ್ನೂ ದೊಡ್ಡದು. ಸಿನಿಮಾವನ್ನ ನಾವು ನೋಡ್ತೀವಿ, ಆಟವನ್ನ ಆಡ್ತೀವಿ. ಗುಂಡಿ ಒತ್ತಿದ್ದು ಪರದೆಯಲ್ಲಿ ಕಾಣಬೇಕಾದರೆ ಮುಂದಿನ ಚಿತ್ರ ಬರಬೇಕು. ಆ ಚಿತ್ರ ತಡವಾದರೆ ಕೈ ಮತ್ತು ಕಣ್ಣಿನ ನಡುವೆ ಜಗ್ಗಾಟ. ಸವೆದ ಸ್ಟೇರಿಂಗ್‌ನ ಹಳೇ ಲಾರಿ ಓಡಿಸಿದವರನ್ನ ಕೇಳಿ. ಚಕ್ರ ತಿರುಗೋಕೆ ಮುಂಚೆ ಸ್ಟೇರಿಂಗ್ ಒಂದಿಷ್ಟು ಸುಮ್ಮನೆ ತಿರುಗುತ್ತೆ. ಕಮ್ಮಿ ಎಫ್‌ಪಿಎಸ್ ಅಂದರೆ ಹಾಗೇ.

ಈಗ ಅಂಗಡಿಯವರು ಹೇಳದೇ ಇರೋ ಲೆಕ್ಕಕ್ಕೆ ಬರೋಣ. ಎಫ್‌ಪಿಎಸ್ ಅನ್ನೋ ಸಂಖ್ಯೆಯನ್ನ ಪಕ್ಕಕ್ಕಿಡಿ. ಒಂದು ಚಿತ್ರಕ್ಕೆ ಎಷ್ಟು ಹೊತ್ತು ಅಂತ ಕೇಳಿ. ಒಂದು ಸೆಕೆಂಡಿಗೆ ಸಾವಿರ ಮಿಲಿಸೆಕೆಂಡು. 30 ಎಫ್‌ಪಿಎಸ್ ಅಂದರೆ ಚಿತ್ರಕ್ಕೆ ಸುಮಾರು 33 ಮಿಲಿಸೆಕೆಂಡು. 60 ಅಂದರೆ ಸುಮಾರು 17. 120 ಅಂದರೆ 8. 240 ಅಂದರೆ 4. ಏನು ಗೊತ್ತಾಯ್ತು? 30ರಿಂದ 60ಕ್ಕೆ ಹೋದಾಗ ಉಳಿದದ್ದು ಹದಿನಾರು, ಹದಿನೇಳು ಮಿಲಿಸೆಕೆಂಡು. 60ರಿಂದ 120ಕ್ಕೆ ಹೋದಾಗ ಎಂಟು. 120ರಿಂದ 240ಕ್ಕೆ ಹೋದಾಗ ನಾಲ್ಕು. ಪ್ರತಿ ಮೆಟ್ಟಿಲಿಗೂ ಯಂತ್ರದ ಕೆಲಸ ಎರಡರಷ್ಟು, ಲಾಭ ಮಾತ್ರ ಅರ್ಧಕ್ಕರ್ಧ ಕಮ್ಮಿ. ಮೊದಲ ಚೀಲ ಗೊಬ್ಬರಕ್ಕೆ ಬೆಳೆ ಎದ್ದು ನಿಲ್ಲುತ್ತೆ, ನಾಲ್ಕನೇ ಚೀಲಕ್ಕೆ ಗೊಬ್ಬರದಂಗಡಿಯವನು ಮಾತ್ರ ಎದ್ದು ನಿಲ್ತಾನೆ.

'ಮನುಷ್ಯನ ಕಣ್ಣಿಗೆ 30ಕ್ಕಿಂತ ಜಾಸ್ತಿ ಕಾಣೋದೇ ಇಲ್ಲ' ಅಂತ ಒಂದು ಮಾತು ಓಡಾಡುತ್ತೆ. ತಪ್ಪು. ಕಣ್ಣು ಕ್ಯಾಮೆರಾ ಅಲ್ಲ, ಅದಕ್ಕೆ ಇಷ್ಟೇ ಚಿತ್ರ ಅಂತ ಕೋಟಾ ಇಲ್ಲ. ಮಿನುಗೋ ದೀಪ ಒಂದೇ ಸಮ ಉರಿದ ಹಾಗೆ ಕಾಣೋಕೆ ಒಂದು ಲೆಕ್ಕ, ಚಲನೆ ನುಣುಪಾಗಿ ಕಾಣೋಕೆ ಇನ್ನೊಂದು ಲೆಕ್ಕ. ಬೆಳಕು ಎಷ್ಟಿದೆ, ವಸ್ತು ಎಷ್ಟು ಜೋರಾಗಿ ಓಡ್ತಿದೆ ಅನ್ನೋದರ ಮೇಲೂ ಬದಲಾಗುತ್ತೆ. 60 ಮತ್ತು 120ರ ವ್ಯತ್ಯಾಸ ಅಕ್ಕಪಕ್ಕ ಇಟ್ಟರೆ ಬಹಳ ಜನಕ್ಕೆ ಗೊತ್ತಾಗುತ್ತೆ. ನನ್ನ ವಾದ ಕಾಣೋದಿಲ್ಲ ಅಂತಲ್ಲ. ಕಾಣೋ ಆ ವ್ಯತ್ಯಾಸಕ್ಕೆ ಎಷ್ಟು ಕೊಡಬೇಕು ಅನ್ನೋದು.

ಅದನ್ನ ತೀರ್ಮಾನ ಮಾಡೋದು ಆಟದ ಜಾತಿ. ಚೆಸ್ ಆಡೋನಿಗೆ, ಇಸ್ಪೀಟ್ ಆಡೋನಿಗೆ, ಊರು ಕಟ್ಟೋ ಆಟ ಆಡೋನಿಗೆ 30 ಧಾರಾಳ. ಕಥೆ ಇರೋ ದೊಡ್ಡ ಆಟಗಳಿಗೂ 30 ಅಂದರೆ ಅವಮಾನ ಅಲ್ಲ. ಜಿಟಿಎ 5 ಅನ್ನೋ ಆಟ 2013ರಲ್ಲಿ ಬಂದಾಗ ಪ್ಲೇಸ್ಟೇಷನ್ 3ರಲ್ಲಿ ಓಡಿದ್ದು 30ಕ್ಕೇ. ಜಗತ್ತೇ ಆಡಿತು. ಅದಕ್ಕಿಂತ ಹಿಂದಿನದು ಕೇಳಿ. ನಮ್ಮ ಸಣ್ಣ ಊರುಗಳ ಸೈಬರ್ ಕೆಫೆಗಳಲ್ಲಿ ಒಂದು ತಲೆಮಾರು ಆಡಿ ಬೆಳೆದ ಜಿಟಿಎ ಸ್ಯಾನ್ ಆಂಡ್ರಿಯಾಸ್, ಕಂಪ್ಯೂಟರಿಗೆ ಬಂದಿದ್ದು 2005ರಲ್ಲಿ. ಅದರಲ್ಲಿ 'ಫ್ರೇಮ್ ಲಿಮಿಟರ್' ಅಂತ ಒಂದು ಕಟ್ಟು ಇತ್ತು, 25ಕ್ಕೆ ನಿಲ್ಲಿಸ್ತಿತ್ತು. ಟಿವಿಯ ಅದೇ 25! ಆ ಕಟ್ಟು ಬಿಚ್ಚಿದರೆ ಆಟದೊಳಗಿನ ಹೀರೋ ಈಜೋದೇ ನಿಧಾನ ಆಗಿಬಿಡ್ತಿತ್ತು, ಯಾಕಂದ್ರೆ ಆಟದೊಳಗಿನ ಕೆಲವು ಲೆಕ್ಕಗಳನ್ನ ಆ ವೇಗಕ್ಕೇ ಕಟ್ಟಿದ್ದರು. ಈಗ ನಲವತ್ತಕ್ಕೆ ಹತ್ತಿರ ಬಂದಿರೋ ಎಷ್ಟೋ ಜನ ಗಂಟೆಗೆ ಹದಿನೈದು ಇಪ್ಪತ್ತು ರೂಪಾಯಿ ಕೊಟ್ಟು ಆ 25ರಲ್ಲೇ ಸುಖಪಟ್ಟವರು.

ಓಡೋ, ಹಾರೋ, ಕಾರು ಓಡಿಸೋ, ಕ್ರಿಕೆಟ್ ಆಡೋ ಆಟಗಳಿಗೆ 60 ಬೇಕು. ಚೆಂಡು ಬ್ಯಾಟಿಗೆ ಬರೋ ಹೊತ್ತಿಗೆ ಸರಿಯಾಗಿ ಗುಂಡಿ ಒತ್ತಬೇಕಾದಲ್ಲಿ 30 ಸಾಲದು. ಎದುರಾಳಿ ಮನುಷ್ಯನೇ ಆಗಿರೋ ಶೂಟಿಂಗ್ ಆಟಗಳಲ್ಲಿ, ಗೆಲ್ಲಲೇಬೇಕು ಅಂತ ಕೂತವರಿಗೆ 120, 144ರಿಂದ ನಿಜವಾಗಲೂ ಪ್ರಯೋಜನ ಇದೆ. 240, 360 ಅನ್ನೋದು ಅದೇ ಆಟವನ್ನ ಕಸುಬು ಮಾಡಿಕೊಂಡವರ ಸಾಮಾನು. ಊರ ಜಾತ್ರೆಯ ಓಟಕ್ಕೆ ಒಲಿಂಪಿಕ್ಸ್ ಬೂಟು ಬೇಕಾಗಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಸರಾಸರಿ ಅನ್ನೋದು ಮೋಸ ಮಾಡುತ್ತೆ. ಇದನ್ನ ಪಾವಗಡದ ರೈತರಿಗೆ ನಾನು ಹೇಳಿಕೊಡಬೇಕಾಗಿಲ್ಲ. ವರ್ಷದ ಮಳೆ ಲೆಕ್ಕ ಕಾಗದದ ಮೇಲೆ ಸರಿಯಾಗೇ ಇರುತ್ತೆ. ಆದರೆ ಶೇಂಗಾ ಹೂ ಬಿಟ್ಟು ಊಡು ಇಳಿಯೋ ಹೊತ್ತಿಗೆ ಒಂದು ಹನಿ ಇಲ್ಲ, ಕೀಳೋ ಹೊತ್ತಿಗೆ ಎರಡೇ ದಿನದಲ್ಲಿ ಸುರಿದು ಹೋಗುತ್ತೆ. ವಾಡಿಕೆ ಮಳೆ ಆಗಿದೆ ಅಂತ ವರದಿ ಬರುತ್ತೆ, ಕಾಯಿ ಮಾತ್ರ ಜೊಳ್ಳು. ಎಫ್‌ಪಿಎಸ್ ಕೂಡ ಹಾಗೇ. ಒಂದು ಸೆಕೆಂಡಿನ ಮೊದಲ ಅರ್ಧದಲ್ಲಿ 59 ಚಿತ್ರ ಬಂದು, ಕೊನೇ ಒಂದೇ ಚಿತ್ರಕ್ಕೆ ಉಳಿದ ಅರ್ಧ ಸೆಕೆಂಡು ಹಿಡಿಯಿತು ಅನ್ನಿ. ಲೆಕ್ಕಕ್ಕೆ 60 ಎಫ್‌ಪಿಎಸ್. ಪರದೆಯಲ್ಲಿ ಮಾತ್ರ ಅರ್ಧ ಸೆಕೆಂಡು ಆಟ ಕಲ್ಲಾಗಿ ನಿಂತಿದೆ.

ಅದಕ್ಕೇ ತಿಳಿದವರು ಸರಾಸರಿ ಜೊತೆಗೆ 'ಒನ್ ಪರ್ಸೆಂಟ್ ಲೋ' ಅಂತ ಇನ್ನೊಂದು ಸಂಖ್ಯೆ ನೋಡ್ತಾರೆ. ನೂರರಲ್ಲಿ ಅತಿ ನಿಧಾನವಾಗಿ ಬಂದ ಒಂದು ಪಾಲು ಚಿತ್ರಗಳ ವೇಗ ಅದು. ಸರಾಸರಿ 90 ಇದ್ದು ಅದು 25ಕ್ಕೆ ಬೀಳ್ತಿದ್ದರೆ, ಸರಾಸರಿ 60 ಇದ್ದು 50ರ ಮೇಲೇ ನಿಲ್ಲೋ ಯಂತ್ರ ಎಷ್ಟೋ ವಾಸಿ. ಅಂಗಡಿಯಲ್ಲಿ 'ಎಷ್ಟು ಎಫ್‌ಪಿಎಸ್ ಬರುತ್ತೆ' ಅಂತ ಕೇಳಬೇಡಿ. 'ಕಮ್ಮಿ ಅಂದ್ರೆ ಎಷ್ಟಕ್ಕೆ ಬೀಳುತ್ತೆ' ಅಂತ ಕೇಳಿ. ಪ್ರಶ್ನೆ ಬದಲಾದ್ರೆ ಉತ್ತರ ಕೊಡೋರ ಮುಖಾನೂ ಬದಲಾಗುತ್ತೆ.

ಇನ್ನೊಂದು ಗೊಂದಲ ಬಿಡಿಸಿಕೊಳ್ಳಿ. ಹರ್ಟ್ಜ್ ಬೇರೆ, ಎಫ್‌ಪಿಎಸ್ ಬೇರೆ. ಹರ್ಟ್ಜ್ ಅನ್ನೋದು ಪರದೆಯ ಶಕ್ತಿ, ಸೆಕೆಂಡಿಗೆ ಎಷ್ಟು ಸಲ ಅದು ಹೊಸ ಚಿತ್ರ ತೋರಿಸಬಲ್ಲದು ಅಂತ. ಎಫ್‌ಪಿಎಸ್ ಅನ್ನೋದು ಕಂಪ್ಯೂಟರ್ ಎಷ್ಟು ಚಿತ್ರ ತಯಾರು ಮಾಡಿ ಕೊಡುತ್ತೆ ಅಂತ. ಅಡುಗೆಯವನು ಗಂಟೆಗೆ 50 ದೋಸೆ ಹುಯ್ಯುತ್ತಿದ್ದರೆ, ಬಡಿಸೋಕೆ 144 ಜನ ನಿಲ್ಲಿಸಿ ಏನು ಪ್ರಯೋಜನ? ಹಾಗೇ ತಿರುಗಿಸಿ ನೋಡಿ. 200 ದೋಸೆ ಹುಯ್ದರೂ ಬಡಿಸೋದು 60 ಮಾತ್ರ ಅಂದ್ರೆ ಉಳಿದದ್ದು ಬಹುಪಾಲು ದಂಡ. ಎರಡೂ ಹೊಂದಬೇಕು. ಎರಡರ ಲಯ ತಪ್ಪಿದರೆ ಮೇಲಿನ ಅರ್ಧ ಒಂದು ಚಿತ್ರ, ಕೆಳಗಿನ ಅರ್ಧ ಇನ್ನೊಂದು ಚಿತ್ರ ಅನ್ನೋ ಹಾಗೆ ಪರದೆ ಹರಿದಂತೆ ಕಾಣುತ್ತೆ. ಇದಕ್ಕೇ ಪರದೆಯ ಲಯವನ್ನ ಕಂಪ್ಯೂಟರಿನ ಲಯಕ್ಕೆ ಹೊಂದಿಸೋ ತಂತ್ರಗಳು ಬಂದಿವೆ, ಜಿ-ಸಿಂಕ್, ಫ್ರೀಸಿಂಕ್ ಅಂತ. ಪರದೆ ಕೊಳ್ಳಲೇಬೇಕು ಅಂತಿದ್ದರೆ 144 ಅನ್ನೋ ದೊಡ್ಡ ಅಕ್ಷರದ ಜೊತೆಗೆ ಈ ಸೌಲಭ್ಯ ಇದೆಯಾ ಅಂತ ನೋಡಿ. 45, 50ಕ್ಕೆ ಬಿದ್ದರೂ ಆಟ ಕುಂಟದ ಹಾಗೆ ಕಾಪಾಡೋದು ಅದು.

ಇತ್ತೀಚೆಗೆ ಮೂರನೇ ಗೊಂದಲವೊಂದು ಸೇರಿದೆ. 2022ರಿಂದ ಈಚೆಗೆ ಬಂದ ಕೆಲವು ಗ್ರಾಫಿಕ್ಸ್ ಕಾರ್ಡುಗಳು ಎರಡು ನಿಜ ಚಿತ್ರಗಳ ನಡುವೆ ಕೃತಕ ಬುದ್ಧಿಮತ್ತೆಯಿಂದ ಒಂದು ಊಹೆಯ ಚಿತ್ರ ತುಂಬುತ್ತವೆ. ಸಂಖ್ಯೆ ದುಪ್ಪಟ್ಟಾಗುತ್ತೆ, ನೋಡೋಕೂ ನುಣುಪು. ಆದರೆ ನಡುವೆ ತುಂಬಬೇಕಾದರೆ ಮುಂದಿನ ನಿಜ ಚಿತ್ರ ಬರೋ ತನಕ ಕಾಯಬೇಕಲ್ಲ? ಹಾಗಾಗಿ ನಿಮ್ಮ ಕೈಗೆ ಸಿಗೋ ಉತ್ತರ ಬೇಗ ಆಗೋದಿಲ್ಲ, ಕೊಂಚ ತಡವೇ ಆಗಬಹುದು. ಆಗಲೇ 60 ಬರ್ತಿರೋ ಕಡೆ ಇದು ಒಳ್ಳೆ ಅಲಂಕಾರ. 25 ಬರ್ತಿರೋ ಕಡೆ ಬರೀ ಸುಣ್ಣ ಬಣ್ಣ, ಗೋಡೆ ಅದೇ ಹಳೇ ಗೋಡೆ.

ಮೊಬೈಲ್ ವಿಷಯಕ್ಕೆ ಬರೋಣ, ಯಾಕಂದ್ರೆ ಹಳ್ಳಿಯಲ್ಲಿ ಬಹುಪಾಲು ಮಕ್ಕಳ ಕಂಪ್ಯೂಟರ್ ಅಂದ್ರೆ ಅದೇ. 2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿ ನಿಷೇಧ ಆಯ್ತು. 2021ರ ಜುಲೈನಲ್ಲಿ ಬಿಜಿಎಂಐ ಅಂತ ಹೊಸ ಹೆಸರಲ್ಲಿ ಬಂತು. 2022ರ ಜುಲೈನಲ್ಲಿ ಅದನ್ನೂ ತಡೆದರು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಈ ಆಟದ ಸೆಟ್ಟಿಂಗ್ಸ್ ತೆರೆದರೆ ಹೈ, ಅಲ್ಟ್ರಾ, ಎಕ್ಸ್‌ಟ್ರೀಮ್ ಅಂತ ಸಾಲು ಇರುತ್ತೆ. ಹೆಸರು ಭರ್ಜರಿ. ಹೈ ಅಂದರೆ 30, ಅಲ್ಟ್ರಾ ಅಂದರೆ 40, ಎಕ್ಸ್‌ಟ್ರೀಮ್ ಅಂದರೆ 60. ಅದರ ಮೇಲೆ ಕೆಲವು ಫೋನುಗಳಿಗೆ 90, 120.

ಇಲ್ಲಿ ಪಾವಗಡದ ಬಿಸಿಲು ಲೆಕ್ಕಕ್ಕೆ ಬರುತ್ತೆ. ಏಪ್ರಿಲ್ ಮಧ್ಯಾಹ್ನ ಶೀಟಿನ ಮನೆಯಲ್ಲಿ ಕೂತು 90ರಲ್ಲಿ ಆಡೋಕೆ ಶುರು ಮಾಡಿದ ಫೋನು ಸ್ವಲ್ಪ ಹೊತ್ತಿಗೆ ಕೈ ಸುಡುತ್ತೆ. ತನ್ನನ್ನ ಕಾಪಾಡಿಕೊಳ್ಳೋಕೆ ಅದು ವೇಗ ಇಳಿಸುತ್ತೆ. ಆಗ ಎಫ್‌ಪಿಎಸ್ ಬೀಳೋದಷ್ಟೇ ಅಲ್ಲ, ಏರಿಳಿಯೋಕೆ ಶುರು. ಬೇಸಿಗೆಯಲ್ಲಿ 90ಕ್ಕೆ ಏರಿಸಿ ಬೀಳೋದಕ್ಕಿಂತ 60ಕ್ಕೋ 40ಕ್ಕೋ ಕಟ್ಟಿ ಹಾಕಿ ಒಂದೇ ಸಮ ಆಡೋನು ಜಾಣ. ಬ್ಯಾಟರಿಗೂ ಆಯಸ್ಸು. ಇದೇ ನಿಯಮ ಲ್ಯಾಪ್‌ಟಾಪಿಗೂ ಅನ್ವಯ.

ಆಮೇಲೆ ನೆಟ್‌ವರ್ಕ್. ಆನ್‌ಲೈನ್ ಆಟದಲ್ಲಿ ನೀವು ಗುಂಡಿ ಒತ್ತಿದ ಸುದ್ದಿ ದೂರದ ಸರ್ವರ್‌ಗೆ ಹೋಗಿ ಉತ್ತರ ಬರಬೇಕು. ಅದಕ್ಕೆ ಪಿಂಗ್ ಅಂತಾರೆ. ಹಳ್ಳಿಯ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಅದು 60ರಿಂದ 100 ಮಿಲಿಸೆಕೆಂಡು ಇರೋದು, ಸಂಜೆ ಹೊತ್ತು ಇನ್ನೂ ಕುಣಿಯೋದು ಹೊಸತೇನಲ್ಲ. 60ರಿಂದ 144ಕ್ಕೆ ಹೋದರೆ ಒಂದು ಚಿತ್ರಕ್ಕೆ ಉಳಿಯೋದು ಸುಮಾರು 10 ಮಿಲಿಸೆಕೆಂಡು. ಅಂದರೆ ನೆಟ್‌ವರ್ಕ್ ಒಂದು ಸಲ ಎಡವಿದರೆ ನಿಮ್ಮ ಇಪ್ಪತ್ತು ಸಾವಿರದ ಪರದೆ ಉಳಿಸಿಕೊಟ್ಟದ್ದು ಅಲ್ಲಿಗೇ ಹೋಯ್ತು. 'ಲ್ಯಾಗ್ ಆಗ್ತಿದೆ' ಅಂತ ಮಗ ಕೂಗಿದರೆ ಅದು ಎಫ್‌ಪಿಎಸ್ ಕೊರತೆಯೋ, ಪಿಂಗ್ ತೊಂದರೆಯೋ ಅಂತ ಮೊದಲು ನೋಡಿ. ಎರಡೂ ಸಂಖ್ಯೆಗಳನ್ನ ಪರದೆ ಮೂಲೆಯಲ್ಲಿ ತೋರಿಸೋ ವ್ಯವಸ್ಥೆ ಬಹಳಷ್ಟು ಆಟಗಳಲ್ಲೇ ಇರುತ್ತೆ. ಕೇಬಲ್ ಸಂಪರ್ಕದಿಂದ ವಾಸಿಯಾಗೋ ರೋಗಕ್ಕೆ ಗ್ರಾಫಿಕ್ಸ್ ಕಾರ್ಡ್ ಆಪರೇಷನ್ ಮಾಡಿಸಬೇಡಿ.

ಕರೆಂಟ್ ಬಿಲ್ ಮರೆಯಬೇಡಿ. ಮೊಬೈಲನ್ನ ದಿನಾ ಪೂರ್ತಿ ಚಾರ್ಜ್ ಮಾಡಿದರೂ ತಿಂಗಳಿಗೆ ಒಂದು ಯೂನಿಟ್ ಆಗೋದು ಕಷ್ಟ. ಆದರೆ ಪರದೆ ಸಮೇತ 350 ವ್ಯಾಟ್ ಎಳೆಯೋ ಗೇಮಿಂಗ್ ಕಂಪ್ಯೂಟರ್ ದಿನಕ್ಕೆ ಮೂರು ಗಂಟೆ ಓಡಿದರೆ ದಿನಕ್ಕೊಂದು ಯೂನಿಟ್, ತಿಂಗಳಿಗೆ ಮೂವತ್ತರ ಮೇಲೆ. 'ಗೃಹಜ್ಯೋತಿ ಇದೆಯಲ್ಲ, 200 ಯೂನಿಟ್ ಫ್ರೀ' ಅಂತೀರಿ. ಎಲ್ಲರಿಗೂ 200 ಫ್ರೀ ಅಲ್ಲ. ನಿಮ್ಮ ಮನೆಯ 2022-23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ನಿಮ್ಮ ಪಾಲು ನಿಗದಿ ಆಗಿದೆ. ಫ್ಯಾನು, ಬಲ್ಬು, ಟಿವಿ ಅಂತ ಐವತ್ತರವತ್ತು ಯೂನಿಟ್ ಉರಿಸ್ತಿದ್ದ ಮನೆಗೆ ಇನ್ನೊಂದು ಮೂವತ್ತು ಸೇರಿದರೆ ಪಾಲು ದಾಟುತ್ತೆ. ದಾಟಿದ್ದಕ್ಕೆ ಬಿಲ್ ಬರುತ್ತೆ. ಊರ ಪಕ್ಕದಲ್ಲೇ ಎರಡು ಸಾವಿರ ಮೆಗಾವ್ಯಾಟ್ ಹುಟ್ಟಿದರೂ ಮೀಟರು ಮೀಟರೇ. ಎಫ್‌ಪಿಎಸ್ಸನ್ನ 60ಕ್ಕೆ ಕಟ್ಟಿ ಹಾಕಿದರೆ ಗ್ರಾಫಿಕ್ಸ್ ಕಾರ್ಡಿನ ಕೆಲಸ ಕಮ್ಮಿ, ಕರೆಂಟೂ ಕಮ್ಮಿ, ಬಿಸಿಯೂ ಕಮ್ಮಿ.

ಹಾಗಾದರೆ ದುಡ್ಡು ಹಾಕೋ ಮುಂಚೆ ಏನು ಮಾಡಬೇಕು? ಆಟದ ಸೆಟ್ಟಿಂಗ್ಸ್‌ನಲ್ಲಿ ನೆರಳು, ಪ್ರತಿಬಿಂಬ ಅನ್ನೋ ಸಾಲುಗಳನ್ನ ಕೆಳಗಿಳಿಸಿ. ಹೆಚ್ಚು ತಿನ್ನೋದು ಅವೇ, ಇಳಿಸಿದರೆ ಕಣ್ಣಿಗೆ ಅಷ್ಟಾಗಿ ನಷ್ಟ ಇಲ್ಲ. ರೆಸಲ್ಯೂಷನ್ ಒಂದು ಮೆಟ್ಟಿಲು ಇಳಿಸಿ. ಒಂದೇ ಒಂದು ರ‍್ಯಾಮ್ ಕಡ್ಡಿ ಇದ್ದು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಅದೇ ಅಳತೆಯ ಇನ್ನೊಂದು ಕಡ್ಡಿ ಹಾಕಿಸಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಆಗುತ್ತೆ. ಫ್ಯಾನಿನ ದೂಳು ಊದಿಸಿ. ಪಾವಗಡದ ದೂಳು ಗೊತ್ತಲ್ಲ, ಸೋಲಾರ್ ಫಲಕವನ್ನೇ ತೊಳೆದು ತೊಳೆದು ಇಡಬೇಕು, ಇನ್ನು ಕಂಪ್ಯೂಟರ್ ಯಾವ ಲೆಕ್ಕ? ಆಗಲೇ 144ರ ಪರದೆ ತಂದವರು ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್ಸ್ ಒಮ್ಮೆ ತೆರೆದು ನೋಡಿ. ಎಷ್ಟೋ ಕಡೆ ಅದು 60ರಲ್ಲೇ ಕೂತಿರುತ್ತೆ. ದುಡ್ಡು 144ಕ್ಕೆ ಕೊಟ್ಟಿರ್ತೀರಿ, ನೋಡ್ತಿರೋದು 60. ಇದು ಗೊತ್ತೇ ಆಗದೆ ತಿಂಗಳುಗಟ್ಟಲೆ ಖುಷಿಯಾಗಿ ಆಡಿದ್ದರೆ, ನಿಮಗೆ 60 ಸಾಕಿತ್ತು ಅಂತ ಅರ್ಥ.

'ಮಗ ಇದರಲ್ಲೇ ಮುಂದೆ ಬರ್ತಾನಂತೆ ಸಾರ್' ಅನ್ನೋರಿಗೂ ಒಂದು ಮಾತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದಿತು. ದುಡ್ಡು ಕಟ್ಟಿ ಆಡೋ ಆಟಗಳನ್ನ ನಿಷೇಧಿಸಿತು, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು. ಈ ಎರಡರ ವ್ಯತ್ಯಾಸ ಮನೆಯವರಿಗೆ ಗೊತ್ತಿರಬೇಕು. ಎರಡನೆಯದು ಕ್ರೀಡೆ, ಅದರಲ್ಲಿ ಕನಸು ಕಾಣೋದು ತಪ್ಪಲ್ಲ. ಆದರೆ ಕ್ರಿಕೆಟ್‌ನಲ್ಲಿ ಮಾಡಿದ ಹಾಗೇ ಮಾಡಿ. ಮೊದಲು ಮನೆಯಲ್ಲಿರೋ ಬ್ಯಾಟಿನಲ್ಲಿ ಊರಿನವರನ್ನ ಸೋಲಿಸಲಿ. 60ರಲ್ಲಿ ಆಡಿ ತನ್ನ ಮಟ್ಟದವರನ್ನೆಲ್ಲ ಗೆದ್ದು, ಇನ್ನು ಮೇಲೆ ಹೋಗೋಕೆ ಯಂತ್ರವೇ ಅಡ್ಡ ಅಂತ ನಿಜವಾಗಿ ಗೊತ್ತಾದ ದಿನ 144ರ ಮಾತಾಡೋಣ. ನೋಡಿದ್ದಕ್ಕೆ ಕೈ ಓಗೊಡೋಕೆ ಮನುಷ್ಯನಿಗೆ ಸುಮಾರು 200 ಮಿಲಿಸೆಕೆಂಡು ಬೇಕು. ಅಭ್ಯಾಸದಿಂದ, ಎದುರಾಳಿಯ ನಡೆ ಮೊದಲೇ ಊಹಿಸೋದರಿಂದ ಅಲ್ಲಿ ಗಳಿಸಬಹುದಾದದ್ದು ಪರದೆ ಉಳಿಸಿಕೊಡೋ ಹತ್ತಕ್ಕಿಂತ ತುಂಬ ಜಾಸ್ತಿ.

ನನ್ನ ತೀರ್ಪು ಇಷ್ಟು. ನಿಧಾನದ ಆಟಕ್ಕೆ, ಕಥೆಯ ಆಟಕ್ಕೆ ಕದಲದ 30 ಸಾಕು. ಉಳಿದ ಬಹುಪಾಲು ಆಟಕ್ಕೆ ಕದಲದ 60 ಸಾಕು. ಪೈಪೋಟಿಯ ಶೂಟಿಂಗ್ ಆಟವನ್ನೇ ಹಿಡಿದವರಿಗೆ 120, 144 ಒಳ್ಳೆಯದು, ಆದರೆ ಒಳ್ಳೆ ನೆಟ್‌ವರ್ಕ್ ಆದ ಮೇಲೆ. ಅದರಾಚೆಗಿನದು ಶೋಕಿ. ಇದರಲ್ಲಿ 'ಕದಲದ' ಅನ್ನೋ ಪದಕ್ಕೆ ಅಡಿಗೆರೆ ಹಾಕಿಕೊಳ್ಳಿ.

ಮತ್ತೆ ಮಕ್ಕಳಿಗೂ ಒಂದು ಮಾತು. ಅಪ್ಪನ ಹತ್ತಿರ 'ಎಫ್‌ಪಿಎಸ್ ಬರ್ತಿಲ್ಲ' ಅಂತ ಬರಿಗೈಲಿ ಹೋಗಬೇಡಿ. ಯಾವ ಆಟ, ಈಗ ಎಷ್ಟು ಬರ್ತಿದೆ, ಕಮ್ಮಿ ಅಂದ್ರೆ ಎಷ್ಟಕ್ಕೆ ಬೀಳ್ತಿದೆ, ಪಿಂಗ್ ಎಷ್ಟಿದೆ, ಸೆಟ್ಟಿಂಗ್ಸ್ ಇಳಿಸಿದರೆ ಏನಾಯ್ತು ಅಂತ ಒಂದು ವಾರ ಬರೆದಿಟ್ಟುಕೊಂಡು ಹೋಗಿ. ಒಂದು ಎಕರೆ ನೆಲ ವರ್ಷವಿಡೀ ಬಿಸಿಲಿಗೆ ಬಿದ್ದು ದುಡಿದದ್ದು ಇಪ್ಪತ್ತೊಂದು ಸಾವಿರ. ಅದನ್ನ ಕೇಳೋಕೆ ಹೋಗೋನ ಹತ್ತಿರ ಒಂದು ಹಾಳೆ ಲೆಕ್ಕವಾದರೂ ಇರಬೇಕು.